ಆ ಇನ್ನೂರನ್ನು ಎಲ್ಲಿ ಬರೆಯೋದು?

ಡಿಬಿಎಂಎಸ್‌ನಲ್ಲಿ, ಅಂದರೆ ಮಾಹಿತಿಯನ್ನು ಟೇಬಲ್‌ಗಳಲ್ಲಿ ಜೋಡಿಸಿಡುವ ಡೇಟಾಬೇಸ್ ಪಾಠದಲ್ಲಿ, ಒಳ್ಳೆಯ ಅಂಕ ಇರುತ್ತದೆ. ನಾರ್ಮಲ್ ಫಾರ್ಮ್‌ಗಳೆಲ್ಲ (ಟೇಬಲ್ಲನ್ನು ಸರಿಯಾಗಿ ಒಡೆಯುವ ನಿಯಮಗಳು) ಬಾಯಿಪಾಠ. ಆದರೆ ನಿಜವಾದ ಒಂದು ವ್ಯವಹಾರ ಕೊಟ್ಟು ‘ಇದಕ್ಕೆ ಟೇಬಲ್ ಮಾಡು’ ಅಂದರೆ ಕೈ ಓಡುವುದಿಲ್ಲ. ಕೊನೆಗೆ ‘ನಾನು ಈ ಲೈನಿಗೆ ಲಾಯಕ್ಕಿಲ್ಲ’ ಅಂದುಕೊಳ್ಳುತ್ತಾರೆ. ಇಂಥ ಮಕ್ಕಳು ಕೌನ್ಸೆಲಿಂಗಿಗೆ ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಅವರಲ್ಲೊಬ್ಬಳನ್ನು ಸುಮಾ ಅನ್ನೋಣ. ಹೆಸರು, ಗುರುತು ಬದಲಿಸಿದ್ದೇನೆ.

ಬಿಸಿಎ ಕೊನೆಯ ವರ್ಷ. ಅಪ್ಪನದು ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ‘ಇಷ್ಟು ಓದಿದ್ದೀಯ, ನಮ್ಮ ಅಂಗಡಿಗೊಂದು ಸಾಫ್ಟ್‌ವೇರ್ ಮಾಡೋಕಾಗಲ್ವಾ?’ ಅಂತ ಅಪ್ಪ ನೆಂಟರ ಮುಂದೆ ಕೇಳಿದರು. ಸುಮಾ ಒಂದೇ ಟೇಬಲ್ ಮಾಡಿದಳು: ಗಿರಾಕಿ, ಫೋನ್, ಸಾಮಾನು 1, ಸಾಮಾನು 2, ಸಾಮಾನು 3. ಒಂದು ಮದುವೆ ಬುಕಿಂಗಿಗೇ ಕಾಲಂ ಸಾಲಲಿಲ್ಲ. ರದ್ದಾದ ಬುಕಿಂಗ್ ಅಳಿಸಿದರೆ ಗಿರಾಕಿಯ ಫೋನ್ ನಂಬರೂ ಮಾಯ. ಕ್ಲಾಸಿಗೆ ಹೋಗುವುದನ್ನೇ ಬಿಟ್ಟಳು. ಅಮ್ಮ ಕರೆತಂದರು.

“ನಾನು ದಡ್ಡಿ ಮೇಡಂ” ಅನ್ನುವುದೊಂದೇ ಮಾತು. ಲ್ಯಾಪ್‌ಟಾಪ್ ಮುಚ್ಚಿಸಿದೆ. “ಒಂದೇ ದಿನ ಎರಡು ಮದುವೆ ಬಂದರೆ ಕುರ್ಚಿ ಸಾಕಾಗುತ್ತೋ ಇಲ್ವೋ ಅಂತ ಅಪ್ಪ ಹೇಗೆ ನೋಡ್ತಾರೆ?” ಅಂದೆ. ಅಲ್ಲಿಂದ ಮಾತು ಬಂತು. ಅವಳು ಹೇಳಿದ್ದನ್ನು ಅವಳ ಕೈಯಲ್ಲೇ ಬರೆಸಿದೆ. ‘ಒಬ್ಬ ಗಿರಾಕಿ ಎಷ್ಟು ಸಲ ಬೇಕಾದರೂ ಬುಕ್ ಮಾಡಬಹುದು.’ ‘ಒಂದು ಬುಕಿಂಗ್ ಒಬ್ಬ ಗಿರಾಕಿಯದೇ.’ ‘ಒಂದು ಬುಕಿಂಗಿಗೆ ಹಲವು ಸಾಮಾನು ಹೋಗುತ್ತವೆ.’ ‘ಒಂದೇ ಬಗೆಯ ಸಾಮಾನು ಹಲವು ಬುಕಿಂಗಿಗೆ ಹೋಗುತ್ತದೆ.’

“ಒಂದು ಮದುವೆಗೆ 200 ಕುರ್ಚಿ ಅಂದ್ಯಲ್ಲ, ಆ 200 ಎಲ್ಲಿ ಬರೀತೀಯ?”

ಬುಕಿಂಗ್ ಟೇಬಲ್ಲಿನಲ್ಲಿ ಅಂದಳು. ಅಲ್ಲಿ ಬರೆದರೆ 200 ಏನು? ಕುರ್ಚಿಯೋ ತಟ್ಟೆಯೋ? ಹಾಗಾದರೆ ಸಾಮಾನಿನ ಟೇಬಲ್ಲಿನಲ್ಲಿ. ಅಲ್ಲಿರುವುದು ಅಂಗಡಿಯ ಒಟ್ಟು ಕುರ್ಚಿ ಅಲ್ವಾ? ಸುಮಾರು ಹೊತ್ತು ಸುಮ್ಮನಿದ್ದಳು. ನಾನೂ ಬಾಯಿ ಬಿಡಲಿಲ್ಲ.

“ಅದು ಬುಕಿಂಗಿಂದೂ ಅಲ್ಲ, ಕುರ್ಚಿದೂ ಅಲ್ಲ ಮೇಡಂ. ಅವೆರಡೂ ಸೇರಿದಾಗ ಹುಟ್ಟೋದು.”

ಅವೆರಡರ ನಡುವೆ ಇನ್ನೊಂದು ಟೇಬಲ್ಲಿನ ಚೌಕ ಅವಳೇ ಎಳೆದಳು: ಬುಕಿಂಗ್ ನಂಬರ್, ಸಾಮಾನಿನ ನಂಬರ್, ಹೋದದ್ದೆಷ್ಟು, ವಾಪಸ್ ಬಂದದ್ದೆಷ್ಟು. ಮೊದಲೆರಡು ಸೇರಿ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಗುರುತು. ಆಮೇಲೆ ‘ಅವತ್ತಿನ ರೇಟು’ ಅಂತಲೂ ಸೇರಿಸಿದಳು. ಇಲ್ಲದಿದ್ದರೆ ಮುಂದಿನ ಸೀಸನ್ನಿಗೆ ರೇಟು ಏರಿಸಿದಾಗ ಹಳೆಯ ಬಿಲ್ಲೂ ಬದಲಾಗುತ್ತದಂತೆ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ದುಡ್ಡು ಕಟ್ಟಿ ಇನ್ನೊಂದು ಕೋರ್ಸ್ ಸೇರಬೇಡ. ಕೋಡ್ ಸದ್ಯಕ್ಕೆ ಬೇಡ. ಅಪ್ಪನ ಜೊತೆ ಅಂಗಡಿಯಲ್ಲಿ ಕೂತು ವ್ಯವಹಾರದ ನಿಯಮಗಳನ್ನು ಕನ್ನಡದಲ್ಲೇ ಒಂದೊಂದು ವಾಕ್ಯವಾಗಿ ಬರಿ.

ಸಹೋದ್ಯೋಗಿಯೊಬ್ಬರಿಗೆ ಇದು ಹಿಡಿಸಲಿಲ್ಲ. “ಕೀಳರಿಮೆಗೆ ಬಂದವಳಿಗೆ ಡೇಟಾಬೇಸ್ ಪಾಠವೇ?” ಅಂದರು. ನಿದ್ದೆ, ಊಟ, ಸಾಯುವ ಯೋಚನೆ ಎಲ್ಲವನ್ನೂ ಮೊದಲೇ ವಿಚಾರಿಸಿದ್ದೆ. ಹಾಗೇನಾದರೂ ಇದ್ದಿದ್ದರೆ ಸೀದಾ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಇಲ್ಲಿ ವಿಷಯ ಬೇರೆ. ತಾನು ದಡ್ಡಿ ಅನ್ನುವುದಕ್ಕೆ ಅವಳ ಹತ್ತಿರ ಸಾಕ್ಷಿ ಇತ್ತು, ಆ ಕೆಟ್ಟ ಟೇಬಲ್. ‘ನೀನು ಜಾಣೆ’ ಅಂತ ನೂರು ಸಲ ಹೇಳಿದರೂ ಅದರ ಮುಂದೆ ನಿಲ್ಲುತ್ತಿರಲಿಲ್ಲ. ಎದುರು ಸಾಕ್ಷಿ ಅವಳ ಕೈಯಿಂದಲೇ ಬರಬೇಕಿತ್ತು.

ಇನ್ನೊಂದು ಮಾತು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮಾಹಿತಿಯನ್ನು ಟೇಬಲ್‌ಗಳಾಗಿ ಇಡುವ ರಿಲೇಷನಲ್ ಮಾದರಿ ಕೊಟ್ಟರು. ವ್ಯವಹಾರವನ್ನು ಮೊದಲು ಚಿತ್ರವಾಗಿ ಬರೆದುಕೊಳ್ಳುವ ಇ-ಆರ್ (ಎಂಟಿಟಿ-ರಿಲೇಷನ್‌ಶಿಪ್) ಮಾದರಿಯನ್ನು ಪೀಟರ್ ಚೆನ್ ಪ್ರಕಟಿಸಿದ್ದು 1976ರಲ್ಲಿ. ವಾಕ್ಯದ ನಾಮಪದ ಎಂಟಿಟಿ (ಗಿರಾಕಿ, ಸಾಮಾನಿನಂಥದ್ದು) ಆಗುತ್ತದೆ, ಕ್ರಿಯಾಪದ ರಿಲೇಷನ್‌ಶಿಪ್ (ಅವುಗಳ ನಡುವಿನ ನಂಟು) ಆಗುತ್ತದೆ ಅಂತ ಮುಂದೆ ಇಂಗ್ಲಿಷ್ ವಾಕ್ಯಗಳನ್ನಿಟ್ಟು ತೋರಿಸಿದವರೂ ಅವರೇ. ಕನ್ನಡ ವಾಕ್ಯಕ್ಕೂ ಅದು ಚೆನ್ನಾಗಿ ನಡೆಯುತ್ತದೆ. ನಮ್ಮ ಮಕ್ಕಳು ವಾಕ್ಯ ಬಿಟ್ಟು ನೇರ ಟೇಬಲ್ಲಿಗೆ ಹಾರುತ್ತಾರೆ. ಅದು ಬುದ್ಧಿಯ ಕೊರತೆ ಅಲ್ಲ. ಆ ಮೆಟ್ಟಿಲನ್ನು ಅವರಿಗೆ ಯಾರೂ ಹತ್ತಿಸಿರುವುದಿಲ್ಲ.

ಅಪ್ಪನನ್ನೂ ಕರೆಸಿದೆ. “ನಿಯಮ ಇರೋದು ನಿಮ್ಮ ತಲೆಯಲ್ಲಿ. ನೀವು ಹೇಳದೆ ಅವಳು ಬರೆಯೋದು ಹೇಗೆ?” ಅಂದೆ. ಮುಖ ಸ್ವಲ್ಪ ಬಿಗಿಯಾಯಿತು. “ನಿಯಮ ಏನು ಬಂತು? ಪಾತ್ರೆ ಕಳೆದರೆ ದುಡ್ಡು ತಗೊಳ್ತೀವಿ, ಅಷ್ಟೇ.”

“ಎಲ್ಲರ ಹತ್ರ ಎಲ್ಲಿ ತಗೋತೀಯಪ್ಪ? ಗೊತ್ತಿರೋರಿಗೆ ಬಿಟ್ಬಿಡ್ತೀಯ. ಅದಕ್ಕೊಂದು ಕಾಲಂ ಬೇಕು” ಅಂದಳು ಸುಮಾ.

ಈಗ ಕ್ಲಾಸಿಗೆ ಹೋಗುತ್ತಿದ್ದಾಳೆ. ಸಾಫ್ಟ್‌ವೇರ್ ಆಗಿಲ್ಲ. ಆ ಕಾಲಂ ಇರಲೇಬೇಕಾ ಅಂತ ಅಪ್ಪ ಮಗಳ ಜಗಳ ಇನ್ನೂ ನಡೆದಿದೆ.