ಹಳದಿ ಬಣ್ಣ ನಂಬಿ ಬರೆ ಕಡಿಯಬೇಡಿ

ಸೋಮವಾರಪೇಟೆ ಕಡೆಯಿಂದ ಬರೆದಿದ್ದೀರಿ. ಭೂಕುಸಿತದ ನಕ್ಷೆಯಲ್ಲಿ ನಿಮ್ಮೂರು ಹಳದಿ, ಕೆಂಪಲ್ಲ, ಹಾಗಾದರೆ ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ಕಡಿದು ಕಾರ್ ಶೆಡ್ ಮಾಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಜೆಸಿಬಿ ಕರೆಸಬೇಡಿ.

ನಕ್ಷೆ ಸುಳ್ಳಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಇಳಿಜಾರು, ಮಣ್ಣು, ಕಲ್ಲು, ಹಿಂದೆ ಕುಸಿದ ಜಾಗ ಎಲ್ಲ ನೋಡಿಯೇ ಅದನ್ನು ಮಾಡಿದ್ದಾರೆ. ಆದರೆ ಅಳತೆ 1:50,000. ಅಂದರೆ ಕಾಗದದ ಮೇಲಿನ 1 ಸೆಂ.ಮೀ. ನೆಲದ ಮೇಲೆ ಅರ್ಧ ಕಿಲೋಮೀಟರ್. ಪೆನ್ಸಿಲಿನಿಂದ 1 ಮಿ.ಮೀ. ಚುಕ್ಕೆ ಇಟ್ಟು ನೋಡಿ, ಅದು 50 ಮೀಟರ್. ನಿಮ್ಮ ಮನೆ, ಅಂಗಳ, ಕೊಟ್ಟಿಗೆ, ಬರೆ ಎಲ್ಲವೂ ಆ ಚುಕ್ಕೆಯಡಿ ಮುಚ್ಚಿಹೋಗುತ್ತವೆ. ನೀವು ನಾಳೆ ಕಡಿಯುವ ಬರೆ ಅದರಲ್ಲಿ ಹೇಗೆ ಕಾಣಬೇಕು?

ಬಣ್ಣ ಹೇಳೋದು ನೆಲದ ಮಾತು, ಮನುಷ್ಯರ ಮಾತಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿಯಿತಲ್ಲ, ಆಗ ಗಂಗಾವಳಿ ನದಿಯ ಆಚೆ ದಡದ ಉಳುವರೆಯಲ್ಲಿ ಯಾವ ಗುಡ್ಡವೂ ಕುಸಿದಿರಲಿಲ್ಲ. ಮಣ್ಣು ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಅಲ್ಲಿನ ಮನೆಗಳಿಗೆ ನುಗ್ಗಿತು. ಇಳಿಜಾರನ್ನಷ್ಟೇ ಅಳೆದರೆ ಉಳುವರೆಗೆ ಯಾವ ಬಣ್ಣ ಹಚ್ಚುತ್ತೀರಿ?

ಇನ್ನೂ ಹಳೆಯ ಉದಾಹರಣೆ ನಮ್ಮ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿ. ಆಗಿನ ಭೂಕಂಪ ನಕ್ಷೆಯಲ್ಲಿ ಅದು ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣೇಶನನ್ನು ಬಿಟ್ಟು ಬಂದು ಜನ ಮಲಗಿದ್ದಾಗ ನೆಲ ನಡುಗಿತು. ಮಣ್ಣಿನಲ್ಲಿ ಸುಮ್ನೆ ಜೋಡಿಸಿದ ದಪ್ಪ ಕಲ್ಲಿನ ಗೋಡೆಗಳು, ಮೇಲೆ ಭಾರದ ಮಣ್ಣಿನ ಮಾಳಿಗೆ. ಹತ್ತಿರಹತ್ತಿರ 10,000 ಜನ ಸತ್ತರು, ಹೆಚ್ಚಿನವರು ತಮ್ಮದೇ ಮನೆಯಡಿ. 2002ರಲ್ಲಿ ಆ 1ನೇ ವಲಯವನ್ನೇ ತೆಗೆದುಹಾಕಿದರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ.

ಹಾಗಾಗಿ ಆ ನಕ್ಷೆಯ ಮೇಲೆ ನಿಮ್ಮೂರಿನವರೇ ಇನ್ನೊಂದು ನಕ್ಷೆ ಬರೆಯಬೇಕು. ಯಾರ ಮನೆ ಬರೆಗೆ ಅಂಟಿಕೊಂಡಿದೆ, ಯಾರ ಮನೆಯಲ್ಲಿ ಎದ್ದು ಓಡಲಾಗದ ಅಜ್ಜಿ ಇದ್ದಾರೆ, ಯಾವ ತೋಡಿಗೆ ಅಡ್ಡ ಕಟ್ಟಿದ್ದಾರೆ, ರಾತ್ರಿ ಯಾವ ದಾರಿ ತೆರೆದಿರುತ್ತದೆ. ಇದೆಲ್ಲ ಉಪಗ್ರಹಕ್ಕೆ ಗೊತ್ತಿಲ್ಲ, ನಿಮಗೆ ಗೊತ್ತು ಅಲ್ವಾ? ಗ್ರಾಮಸಭೆಯಲ್ಲಿ ಇಡಿ.

ಬರೆಯ ಮೇಲೆ ಹೊಸ ಬಿರುಕು ಕಂಡರೆ, ಇಲ್ಲದಿದ್ದ ಕಡೆ ಒರತೆ ಎದ್ದು ಕೆಸರುನೀರು ಬಂದರೆ, ಮರ ವಾಲಿದರೆ, ಬಣ್ಣ ಯಾವುದೇ ಇರಲಿ, ಆ ರಾತ್ರಿ ಅಲ್ಲಿ ಮಲಗಬೇಡಿ. ಕಾರು ಅಂಗಳದಲ್ಲೇ ನೆನೆಯಲಿ.