ದೊಡ್ಡಪ್ಪ ಬಿಟ್ಟುಹೋದ ಲಿಮಿಟೆಡ್ ಎಡಿಶನ್ ಕೋಲ್ಟ್ ಪಿಸ್ತೂಲಿನ ಬೆಲೆ ಅಂದಾಜು ಮಾಡೋದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಮದ್ದೂರಿನವರು. ಟೆಕ್ಸಸ್‌ನಲ್ಲಿದ್ದ ನಿಮ್ಮ ದೊಡ್ಡಪ್ಪ ತೀರಿಕೊಂಡಿದ್ದಾರೆ. ಎರಡನೇ ಮಹಾಯುದ್ಧದ ನೆನಪಿಗೆ ಅಮೆರಿಕದ ಕೋಲ್ಟ್ ಕಂಪನಿ 1970ರಲ್ಲಿ ತಂದ .45 (ಗುಂಡಿನ ಅಳತೆ) ಪಿಸ್ತೂಲ್ ಅವರ ಹತ್ತಿರ ಇತ್ತು, ಮರದ ಪೆಟ್ಟಿಗೆ ಸಮೇತ. ಪ್ರತಿ ವರ್ಷ ಆಯುಧಪೂಜೆಗೆ ಅದನ್ನು ಹೊರಗೆ ತೆಗೆದು ಕುಂಕುಮ ಇಡುತ್ತಿದ್ದರು. ಈಗ ಅವರ ಮಗ, ಅಂದರೆ ನಿಮ್ಮ ಅಣ್ಣ, ಅದನ್ನು ಮಾರೋಣವಾ ಅಂತ ಯೋಚಿಸುತ್ತಿದ್ದಾರೆ. ಲಂಡನ್ನಿನಲ್ಲಿ ಟಿಪ್ಪುವಿನ ಖಡ್ಗ 140 ಕೋಟಿಗೂ ಜಾಸ್ತಿಗೆ ಹೋಯ್ತಲ್ಲ, ಇದಕ್ಕೆ ಎಷ್ಟು ಬರಬಹುದು ಅಂತ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ.

ನಾನು ಮೈಸೂರಿನವನು. ಕೆಲಸದ ಮೇಲೆ ಬಹಳ ವರ್ಷ ಅಮೆರಿಕದಲ್ಲಿದ್ದೆ. ಹಳೇ ಮಿಲಿಟರಿ ಪಿಸ್ತೂಲುಗಳನ್ನು ಕೂಡಿಡುವವರ ಒಡನಾಟ ಅಲ್ಲೇ ಶುರುವಾಗಿದ್ದು. ನನಗೆ ತುಂಬಾ ಇಷ್ಟವಾದ ವಿಷಯ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಮನೆಯವರಿಗೆ ಹೇಳಬೇಕಾದ ಮಾತು: ಈ ಪಿಸ್ತೂಲಿನ ಬೆಲೆ ಸಾವಿರ ಡಾಲರುಗಳ ಲೆಕ್ಕದ್ದು. ಲಕ್ಷ ಡಾಲರಿನ ಮಾತೇ ಇಲ್ಲ, ಕೋಟಿ ರೂಪಾಯಿ ಅಂತೂ ದೂರ.

ಲಿಮಿಟೆಡ್ ಎಡಿಶನ್ ಅಂದ ತಕ್ಷಣ ಅಪರೂಪ ಅಂತ ಎಲ್ಲರಿಗೂ ಅನ್ನಿಸುತ್ತೆ. ಆದರೆ ಲೆಕ್ಕ ನೋಡಿ. ಕೋಲ್ಟ್ ಆ ಸರಣಿಯಲ್ಲಿ ಯುರೋಪಿನ ಯುದ್ಧರಂಗದ ಹೆಸರಲ್ಲಿ 11,500 ಮಾಡಿತು, ಪೆಸಿಫಿಕ್ ರಂಗದ ಹೆಸರಲ್ಲಿ ಮತ್ತೆ 11,500. ಅದಕ್ಕೂ ಮೊದಲು ಒಂದನೇ ಮಹಾಯುದ್ಧದ ನಾಲ್ಕು ಕದನಗಳ ನೆನಪಿಗೆ ತಲಾ 7,400 ಮಾಡಿತ್ತು. ಇವನ್ನು ಕೊಂಡವರು ಯಾರೂ ಗುಂಡು ಹಾರಿಸೋಕೆ ಕೊಳ್ಳಲಿಲ್ಲ. ಮುಂದೆ ಬೆಲೆ ಬರುತ್ತೆ ಅಂತ ಪೆಟ್ಟಿಗೆಯಲ್ಲೇ ಜೋಪಾನ ಮಾಡಿದರು. ಅರ್ಧ ಶತಮಾನ ಕಳೆದರೂ ಅವುಗಳಲ್ಲಿ ಬಹುಪಾಲು ಹೊಸದರ ಹಾಗೇ ಉಳಿದಿವೆ. ನಿಮ್ಮ ಅಣ್ಣ ಮಾರೋಕೆ ಹೋದ ದಿನ ಅದೇ ಸ್ಥಿತಿಯ ಇನ್ನೊಂದು ಬೇರೆ ಊರಲ್ಲಿ ಮಾರಾಟಕ್ಕೆ ಕೂತಿರುತ್ತೆ. ಬೆಲೆ ಏರದಿರೋಕೆ ಇದೇ ದೊಡ್ಡ ಕಾರಣ.

ಇದಕ್ಕೆ ಪೂರ್ತಿ ಉಲ್ಟಾ, ನಿಜವಾಗಿ ಯುದ್ಧಕ್ಕೆ ಹೋದ ಪಿಸ್ತೂಲುಗಳ ಕಥೆ. ಜಾನ್ ಬ್ರೌನಿಂಗ್ ರೂಪಿಸಿದ ಈ ಮಾದರಿಯನ್ನು ಅಮೆರಿಕದ ಸೈನ್ಯ 1911ರಲ್ಲಿ ಒಪ್ಪಿಕೊಂಡಿತು. 1985ರಲ್ಲಿ ಇಟಲಿಯ ಬೆರೆಟ್ಟಾ ಕಂಪನಿಯ ಪಿಸ್ತೂಲ್ ಬರುವವರೆಗೂ ಅದೇ ಅವರ ಮುಖ್ಯ ಪಿಸ್ತೂಲ್. ಎರಡನೇ ಮಹಾಯುದ್ಧದಲ್ಲಿ ಕೋಲ್ಟ್ ಒಂದರಿಂದಲೇ ಪೂರೈಸಲು ಆಗಲಿಲ್ಲ. ಟೈಪ್‌ರೈಟರ್ ಮಾಡುತ್ತಿದ್ದ ರೆಮಿಂಗ್ಟನ್ ರ‍್ಯಾಂಡ್, ರೈಲ್ವೆ ಸಿಗ್ನಲ್ ಮಾಡುತ್ತಿದ್ದ ಯೂನಿಯನ್ ಸ್ವಿಚ್, ಬಂದೂಕಿನ ಇಥಾಕಾ ಎಲ್ಲರೂ ಮಾಡಿದರು. ರೆಮಿಂಗ್ಟನ್ ರ‍್ಯಾಂಡ್ ಒಂದೇ 8 ಲಕ್ಷಕ್ಕೂ ಜಾಸ್ತಿ ಮಾಡಿತು. ಇಷ್ಟಿದ್ದರೂ ಫ್ಯಾಕ್ಟರಿಯಿಂದ ಬಂದ ಹಾಗೇ ಉಳಿದ ಒಂದು ಸಿಗೋದು ಕಷ್ಟ. ಯಾಕಂದ್ರೆ ಸೈನ್ಯದ ಕಾರ್ಖಾನೆಗಳು ಅವನ್ನು ರಾಶಿಗಟ್ಟಲೆ ಬಿಚ್ಚಿ, ಇದರ ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರುವ ಭಾಗ) ಅದಕ್ಕೆ, ಅದರ ಬ್ಯಾರೆಲ್ (ನಳಿಗೆ) ಇದಕ್ಕೆ ಹಾಕಿ, ಮೇಲೆ ಹೊಸ ಲೇಪ ಕೊಟ್ಟು ಮತ್ತೆ ಸಿಪಾಯಿಗಳಿಗೆ ಹಂಚಿದವು. ಯಾರೂ ಕೈ ಹಾಕದ ಒಂದು ಪೀಸ್ ಕಂಡರೆ ಸಂಗ್ರಾಹಕರು ಬಿಡೋದಿಲ್ಲ.

ಸಿಂಗರ್ ಅಂತೂ ಬೇರೆಯೇ. ನಮ್ಮ ಮಂಡ್ಯ, ಮೈಸೂರಿನ ಹಳೇ ಟೈಲರ್ ಅಂಗಡಿಗಳಲ್ಲಿ ನೋಡಿರುತ್ತೀರಲ್ಲ, ಅದೇ ಹೊಲಿಗೆ ಯಂತ್ರದ ಸಿಂಗರ್. ಪ್ರಯೋಗಕ್ಕೆ ಅಂತ ಅವರು ಬರೀ 500 ಪಿಸ್ತೂಲ್ ಮಾಡಿ ಸೈನ್ಯಕ್ಕೆ ಕೊಟ್ಟರು. ಅವು ಯುದ್ಧದಲ್ಲಿ ಬಳಕೆಯಾದವು, ಕಳೆದವು, ಸವೆದವು. ಈಗ ಒಂದು ಒಳ್ಳೇದು ಹರಾಜಿಗೆ ಬಂದರೆ ಲಕ್ಷ ಡಾಲರ್ ದಾಟಿದ್ದುಂಟು. ಅವನ್ನು ಯಾರೂ ಕೂಡಿಡೋಕೆ ಅಂತ ಮಾಡಿರಲಿಲ್ಲ, ಅದಕ್ಕೇ ಉಳಿದದ್ದು ಕಡಿಮೆ.

ಹಾಗಂತ ನಿಮ್ಮ ದೊಡ್ಡಪ್ಪನ ಪಿಸ್ತೂಲಿಗೆ ಬೆಲೆಯೇ ಇಲ್ಲ ಅಂತಲ್ಲ. ಒಂದೇ ಎಡಿಶನ್‌ನ ಎರಡು ಪಿಸ್ತೂಲುಗಳ ನಡುವೆಯೇ ಬೆಲೆ ತುಂಬಾ ವ್ಯತ್ಯಾಸ ಆಗುತ್ತೆ. ಅದನ್ನು ನಿರ್ಧರಿಸೋದು ಸ್ಥಿತಿ. ಅಣ್ಣನಿಗೆ ಹೇಳಿ, ಮೊದಲು ಗುಂಡು ತುಂಬುವ ಮ್ಯಾಗಜಿನ್ ತೆಗೆದು, ಚೇಂಬರ್ (ಬ್ಯಾರೆಲ್ಲಿನ ಹಿಂದೆ ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ಒಮ್ಮೆ ನೋಡಿಕೊಳ್ಳಲಿ. ಆಮೇಲೆ ಸುಮ್ನೆ ಸ್ಲೈಡ್ ಎಳೆದು ಬಿಡೋದು ಬೇಡ. ಪ್ರತಿ ಸಲ ಎಳೆದಾಗಲೂ ಬ್ಯಾರೆಲ್ಲಿನ ತುದಿಯಲ್ಲಿ ಉಜ್ಜಿದ ಗುರುತು ಬೀಳುತ್ತೆ. ಗುಂಡು ಹಾರಿಸದ ಪಿಸ್ತೂಲ್ ಬೇಕು ಅನ್ನುವವರು ಮೊದಲು ನೋಡೋದೇ ಆ ಜಾಗ.

ಎರಡನೇದು ಎಡಗಡೆ, ಟ್ರಿಗರ್‌ನ ಸ್ವಲ್ಪ ಮೇಲೆ. ಅಲ್ಲಿ ಸ್ಲೈಡ್ ಸ್ಟಾಪ್ ಅನ್ನೋ ಚಿಕ್ಕ ಲಿವರ್ ಇದೆ. ಪಿಸ್ತೂಲನ್ನು ಬಿಚ್ಚಿ ಮತ್ತೆ ಜೋಡಿಸುವಾಗ ಅದನ್ನು ಸರಿಯಾಗಿ ಹಿಡಿಯದಿದ್ದರೆ ಅದರ ಕೆಳಗೆ ಫ್ರೇಮಿನ (ಪಿಸ್ತೂಲಿನ ಕೆಳಗಿನ ಮೈ) ಮೇಲೆ ಬಿಲ್ಲಿನ ಆಕಾರದ ಗೀರು ಬೀಳುತ್ತೆ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಚೆನ್ನಾಗಿ ಕಾಣುತ್ತೆ. ಆ ಒಂದು ಗೀರು ಇದ್ದರೆ ಇದನ್ನು ಯಾರೋ ಬಿಚ್ಚಿದ್ದಾರೆ ಅಂತ ಗೊತ್ತಾಗಿಬಿಡುತ್ತೆ, ಬೆಲೆಯೂ ಇಳಿಯುತ್ತೆ.

ಇನ್ನು ಕುಂಕುಮ. ನಿಮ್ಮ ಪಿಸ್ತೂಲಿಗೆ ನಿಕಲ್ ಲೇಪ ಇದೆ, ಸ್ಲೈಡಿನ ಮೇಲೆ ಕದನಗಳ ಹೆಸರು ಕೆತ್ತಿದ್ದಾರೆ. ಆ ಕೆತ್ತನೆಯ ಒಳಗೆ ಪುಡಿ ಕೂತರೆ ತೇವ ಹಿಡಿದುಕೊಳ್ಳುತ್ತೆ. ಒಣಗಿದ ಮೆತ್ತನೆ ಬ್ರಷ್ಷಿನಿಂದ ಮೆಲ್ಲಗೆ ತೆಗೆಯಲಿ, ಅಷ್ಟೇ. ಹಬ್ಬಕ್ಕೆ ಹಿತ್ತಾಳೆ ದೀಪ ಬೆಳಗುವ ಪಾಲಿಶ್ ಇದಕ್ಕೆ ಖಂಡಿತ ಬೇಡ. ನಿಕಲ್ ಸವೆದರೆ ಅಕ್ಷರದ ಅಂಚು ಮೊಂಡಾಗುತ್ತೆ, ಅದನ್ನು ಸರಿ ಮಾಡೋಕೆ ಆಗಲ್ಲ. ಹೊಸದಾಗಿ ಲೇಪ ಕೊಡಿಸೋದು ಇನ್ನೂ ಕೆಟ್ಟದು. ಪೆಟ್ಟಿಗೆಯಲ್ಲಿ ಬಟ್ಟೆಗೆ ತಾಗಿಕೊಂಡಿದ್ದ ಬದಿಯನ್ನೂ ತಿರುಗಿಸಿ ನೋಡಲಿ. ಚುಕ್ಕೆ ಬರೋದು ಹೆಚ್ಚಾಗಿ ಅಲ್ಲೇ.

ಮರದ ಪೆಟ್ಟಿಗೆ, ಹೊರಗಿನ ರಟ್ಟಿನ ಡಬ್ಬ, ಕಂಪನಿಯ ಕಾಗದ, ಕೊಂಡ ರಸೀದಿ ಯಾವುದನ್ನೂ ಎಸೆಯಬೇಡಿ. ರಟ್ಟಿನ ಡಬ್ಬವನ್ನು ಬಹಳ ಜನ ಎಸೆದುಬಿಟ್ಟಿರುತ್ತಾರೆ, ಅದಕ್ಕೇ ಅದು ಇದ್ದವರಿಗೆ ಲಾಭ. ಇನ್ನೊಂದು ವಿಷಯ: ಸಾಮಾನ್ಯ ಪಿಸ್ತೂಲುಗಳನ್ನು ಕೊಂಡು, ಆಮೇಲೆ ಬೇರೆಯವರು ಕೆತ್ತನೆ ಮಾಡಿಸಿ ಲಿಮಿಟೆಡ್ ಎಡಿಶನ್ ಅಂತ ಮಾರಿದ್ದೂ ಬೇಕಾದಷ್ಟಿದೆ. ಅವಕ್ಕೆ ಬೆಲೆ ಕಡಿಮೆ. ಕೋಲ್ಟ್ ಕಂಪನಿಗೆ ಸೀರಿಯಲ್ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ, ಹಳೇ ದಾಖಲೆ ನೋಡಿ ಆ ಪಿಸ್ತೂಲ್ ಯಾವಾಗ, ಎಲ್ಲಿಗೆ ಹೋಯಿತು ಅಂತ ಪತ್ರ ಕೊಡುತ್ತಾರೆ. ಮಾರುವ ಮೊದಲು ಅದನ್ನು ತರಿಸಿಕೊಳ್ಳೋದು ಒಳ್ಳೇದು.

ಟಿಪ್ಪುವಿನ ಖಡ್ಗದ ವಿಷಯಕ್ಕೆ ಬರೋಣ. 2023ರಲ್ಲಿ ಅದು 1.4 ಕೋಟಿ ಪೌಂಡಿಗೆ ಹೋಗಿದ್ದು ನಿಜ. ಆದರೆ ಅದು ಶ್ರೀರಂಗಪಟ್ಟಣದ ಅರಮನೆಯಲ್ಲಿ ಟಿಪ್ಪು ಮಲಗುವ ಕೋಣೆಯಲ್ಲಿ ಸಿಕ್ಕಿದ್ದು. 1799ರಲ್ಲಿ ಕೋಟೆ ಬಿದ್ದ ಮೇಲೆ ಬ್ರಿಟಿಷ್ ಸೈನ್ಯ ಅದನ್ನು ತಮ್ಮ ಜನರಲ್ ಡೇವಿಡ್ ಬೇರ್ಡ್‌ಗೆ ಕೊಟ್ಟಿತ್ತು. ಯಾರದು, ಯಾರ ಕೈಗೆ ಬಂತು ಅನ್ನೋದು ಗೊತ್ತಿತ್ತು. ನಿಮ್ಮದು ಯುದ್ಧ ಮುಗಿದು 25 ವರ್ಷದ ಮೇಲೆ ತಯಾರಾದದ್ದು. ಅದು ಯಾರ ಸೊಂಟದಲ್ಲೂ ಇರಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕೆ ಬರಲ್ಲ.

ಬೆಲೆ ನೋಡುವಾಗ ಜನ ಎಷ್ಟು ಕೇಳುತ್ತಿದ್ದಾರೆ ಅನ್ನೋದನ್ನು ಬಿಟ್ಟು, ಎಷ್ಟಕ್ಕೆ ಮಾರಾಟವಾಯಿತು ಅನ್ನೋದನ್ನು ನೋಡಿ. ಹರಾಜು ಮನೆಗಳು ಹಳೇ ಫಲಿತಾಂಶ ಹಾಕಿರುತ್ತವೆ. ಅದರಲ್ಲಿ ಕೊಳ್ಳುವವರು ಕಟ್ಟುವ ಕಮಿಷನ್ ಸಾಮಾನ್ಯವಾಗಿ ಸೇರಿರುತ್ತೆ, ಮಾರುವವರಿಂದಲೂ ಕಮಿಷನ್ ಹಿಡಿಯುತ್ತಾರೆ. ಹಾಗಾಗಿ ಕೈಗೆ ಬರೋದು ಕಡಿಮೆ. ಬೇರೆ ರಾಜ್ಯದವರಿಗೆ ಮಾರೋದಾದರೆ ಅಲ್ಲಿ ಲೈಸೆನ್ಸ್ ಇರುವ ಡೀಲರ್ ಮೂಲಕವೇ ಹೋಗಬೇಕು.

ಕೊನೆಗೆ, ಮದ್ದೂರಿಗೆ ತಂದು ಶೋಕೇಸಿನಲ್ಲಿ ಇಡಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಲೈಸೆನ್ಸ್ ಇಲ್ಲದೆ ಪಿಸ್ತೂಲನ್ನು ನಮ್ಮಲ್ಲಿ ತರೋ ಹಾಗಿಲ್ಲ, ಇಟ್ಟುಕೊಳ್ಳೋ ಹಾಗೂ ಇಲ್ಲ. ನೆನಪಿಗೆ ಮಾಡಿದ್ದು, ಒಂದು ಗುಂಡೂ ಹಾರಿಸಿಲ್ಲ ಅಂದರೂ ಅದು ಗುಂಡು ಹಾರಿಸಬಲ್ಲ ಪಿಸ್ತೂಲೇ. ಕೆಟ್ಟುಹೋಗಿ, ರಿಪೇರಿ ಮಾಡಿದರೂ ಹಾರದಂಥ ಹಳೇ ಆಯುಧಕ್ಕೆ 1959ರ ಆಯುಧ ಕಾಯ್ದೆಯಲ್ಲಿ ವಿನಾಯಿತಿ ಇದೆ, ಇದು ಆ ಲೆಕ್ಕಕ್ಕೆ ಬರಲ್ಲ. ಬಿಡಿಭಾಗಗಳನ್ನು ಸೂಟ್‌ಕೇಸಿನಲ್ಲಿ ತರುವ ಯೋಚನೆಯನ್ನೂ ದಯವಿಟ್ಟು ಯಾರೂ ಮಾಡಬೇಡಿ. ನೆನಪಿಗೆ ಬೇಕಿದ್ದರೆ ದೊಡ್ಡಪ್ಪ ಆಯುಧಪೂಜೆಯ ದಿನ ಅದರ ಜೊತೆ ತೆಗೆಸಿಕೊಂಡ ಫೋಟೋ ಇರಬಹುದು, ಕೇಳಿ ತರಿಸಿಕೊಳ್ಳಿ.

ಬ್ಯಾರೆಲ್ಲಿನ ತುದಿ, ಎಡಬದಿಯ ಫ್ರೇಮ್, ಕೆತ್ತನೆ, ಪೆಟ್ಟಿಗೆಯ ಒಳಭಾಗ, ಇಷ್ಟರ ಫೋಟೋ ಹಗಲು ಬೆಳಕಿನಲ್ಲಿ ತೆಗೆದು ಹಾಕಿ. ಸೀರಿಯಲ್ ನಂಬರಿನ ಕೊನೆಯ ಅಂಕಿಗಳನ್ನು ಮುಚ್ಚಿ. ನೋಡಿ ಇನ್ನೂ ಖಚಿತವಾಗಿ ಹೇಳುತ್ತೇನೆ.