ಎಪಿಎಂಸಿ ದರಗಳ ಪುಟದಿಂದ ಮಾಹಿತಿ ತೆಗೆಯಲು ಬ್ಯೂಟಿಫುಲ್ ಸೂಪ್ ಸಾಕಾ, ಎಲ್‌ಎಕ್ಸ್‌ಎಂಎಲ್ ಬೇಕಾ?

ನಿಮ್ಮ ಪ್ರಶ್ನೆ ಉದ್ದ ಇದೆ. ಮುಂದೆ ಓದುವವರಿಗೆ ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ಕೊಪ್ಪಳದಲ್ಲಿ ಬಿಸಿಎ ಕೊನೆ ವರ್ಷ. ಪ್ರಾಜೆಕ್ಟ್‌ಗೆ ದಿನಾ ಹತ್ತಿ, ಭತ್ತ, ತೊಗರಿ ರೇಟು ಒಂದು ವೆಬ್ ಪುಟದಿಂದ ತೆಗೆದು ಗ್ರಾಫ್ ಹಾಕಬೇಕು. ಒಬ್ಬರು ರೆಜೆಕ್ಸ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ ವಿಧಾನ) ಸಾಕು ಅಂದರು, ಇನ್ನೊಬ್ಬರು ಬ್ಯೂಟಿಫುಲ್ ಸೂಪ್ ಅಂದರು, ಮತ್ತೊಬ್ಬರು ಅದು ನಿಧಾನ, ಎಲ್‌ಎಕ್ಸ್‌ಎಂಎಲ್ ಹಾಕು ಅಂದರು. ಕೊನೆಯ ಎರಡೂ ವೆಬ್ ಪುಟದಿಂದ ಮಾಹಿತಿ ತೆಗೆಯಲು ಬಳಸುವ ಪೈಥಾನ್ ಲೈಬ್ರರಿಗಳು. ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದ್ದೀರಿ: ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಬರುವ ಟೇಬಲ್ ಕಾಲೇಜಿನ ಲ್ಯಾಬ್‌ನಲ್ಲಿ ಅಂಕಿ ಎಲ್ಲಾ ಅಂಟಿಕೊಂಡು ಬರುತ್ತದೆ, ಕೋಡ್ ಒಂದೇ, ಯಾಕೆ ಹೀಗೆ?

ಮೊದಲಿನ ಪ್ರಶ್ನೆಗೆ ಉತ್ತರ ಆ ಕೊನೆಯ ಮಾತಿನಲ್ಲೇ ಇದೆ. ಅಲ್ಲಿಂದಲೇ ಶುರು ಮಾಡೋಣ.

ನಾನು ರಾಯಚೂರಿನಲ್ಲಿ ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಗಂಜ್‌ನಲ್ಲಿ ಹರಾಜು ಮುಗಿದ ಮೇಲೆ ಅಂಗಡಿಯವರು ಕೇಳುವ ಮೊದಲ ಮಾತೇ ‘ಬೇರೆ ಕಡೆ ಇವತ್ತು ಏನು ರೇಟು?’ ಅಂತ. ಹಾಗಾಗಿ ಇಂಥ ಪುಟಗಳ ಜೊತೆ ನನಗೆ ದಿನವೂ ವ್ಯವಹಾರ.

ಬ್ಯೂಟಿಫುಲ್ ಸೂಪ್ ತಾನಾಗಿ ಪಾರ್ಸರ್ (ಪುಟದ ಟ್ಯಾಗ್‌ಗಳನ್ನು ಓದಿ ಬಿಡಿಸುವ ಪ್ರೋಗ್ರಾಂ) ಅಲ್ಲ. ತುಂಬಾ ಜನರಿಗೆ ಇದು ಗೊತ್ತಿರುವುದಿಲ್ಲ. ಪುಟದ ಎಚ್‌ಟಿಎಂಎಲ್ ಓದುವ ಕೆಲಸವನ್ನು ಅದು ಬೇರೆಯವರಿಗೆ ವಹಿಸುತ್ತದೆ. ಅವರು ಓದಿ ಹೇಳಿದ್ದನ್ನು ಮರದ ಹಾಗೆ ಜೋಡಿಸಿಟ್ಟು, ನಮಗೆ ಹುಡುಕಲು ಸುಲಭ ಮಾಡಿಕೊಡುತ್ತದೆ. ಓದುವವರು ಮೂರು ಜನ. ಪೈಥಾನ್ ಜೊತೆಗೇ ಬರುವ ಎಚ್‌ಟಿಎಂಎಲ್ ಡಾಟ್ ಪಾರ್ಸರ್, ಎಲ್‌ಎಕ್ಸ್‌ಎಂಎಲ್, ಮತ್ತೆ ಎಚ್‌ಟಿಎಂಎಲ್5ಲಿಬ್. ಹಾಗಾಗಿ ‘ಸೂಪಾ, ಎಲ್‌ಎಕ್ಸ್‌ಎಂಎಲ್ಲಾ’ ಅನ್ನುವ ಜಗಳಕ್ಕೆ ಅರ್ಥವಿಲ್ಲ. ಎರಡನ್ನೂ ಒಟ್ಟಿಗೆ ಬಳಸಬಹುದು. ಯಾರು ಓದಬೇಕು ಅಂತ ಹೇಳುವುದು ಮಾತ್ರ ನಿಮ್ಮ ಕೆಲಸ.

ನೀವು ಹೇಳದಿದ್ದರೆ ಅದೇ ಆರಿಸಿಕೊಳ್ಳುತ್ತದೆ. ಆ ಕಂಪ್ಯೂಟರಿನಲ್ಲಿ ಎಲ್‌ಎಕ್ಸ್‌ಎಂಎಲ್ ಇದ್ದರೆ ಅದು. ಇಲ್ಲದಿದ್ದರೆ ಎಚ್‌ಟಿಎಂಎಲ್5ಲಿಬ್. ಅದೂ ಇಲ್ಲದಿದ್ದರೆ ಪೈಥಾನ್‌ನ ಸ್ವಂತದ್ದು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಂದೋ ಎಲ್‌ಎಕ್ಸ್‌ಎಂಎಲ್ ಹಾಕಿದ್ದೀರಿ, ಲ್ಯಾಬ್‌ನಲ್ಲಿ ಅದಿಲ್ಲ. ಪಾರ್ಸರ್ ಹೆಸರು ಬರೆಯದೆ ಓಡಿಸಿದರೆ ಒಂದು ಎಚ್ಚರಿಕೆಯೂ ಬಂದಿರುತ್ತದೆ, ‘ನಾನೇ ಊಹಿಸಿ ಆರಿಸಿಕೊಂಡೆ, ಬೇರೆ ಕಂಪ್ಯೂಟರಿನಲ್ಲಿ ಬೇರೆ ಥರ ಬರಬಹುದು’ ಅಂತ. ಕೆಂಪು ಅಕ್ಷರ ಕಂಡರೂ ಪ್ರೋಗ್ರಾಂ ನಿಲ್ಲುವುದಿಲ್ಲವಲ್ಲ, ಯಾರೂ ಓದುವುದಿಲ್ಲ.

ಈಗ ಅಂಕಿ ಯಾಕೆ ಅಂಟಿಕೊಂಡವು ಅಂತ ನೋಡೋಣ. ಆ ಪುಟದಲ್ಲಿ ರೈಟ್ ಕ್ಲಿಕ್ ಮಾಡಿ ‘ವ್ಯೂ ಸೋರ್ಸ್’ ತೆರೆಯಿರಿ. ಟೇಬಲ್‌ನ ಒಂದು ಸಾಲು ಹಿಡಿಯಿರಿ. ಪ್ರತಿ ಸೆಲ್‌ಗೂ ಟಿಡಿ ಟ್ಯಾಗ್ ತೆರೆದಿರುತ್ತಾರೆ, ಮುಚ್ಚಿರುವುದಿಲ್ಲ. ಹತ್ತಿ ಅಂತ ಒಂದು ಟಿಡಿ, 6800 ಅಂತ ಇನ್ನೊಂದು, 7450 ಮತ್ತೊಂದು, 7100 ಕೊನೆಯದು. ಹೆಸರು, ಕನಿಷ್ಠ, ಗರಿಷ್ಠ, ಮಾದರಿ ದರ ಅಂತಿಟ್ಟುಕೊಳ್ಳಿ. ಕೊನೆಯಲ್ಲಿ ಟಿಆರ್, ಅಂದರೆ ಇಡೀ ಸಾಲಿನ ಟ್ಯಾಗ್, ಮಾತ್ರ ಮುಚ್ಚಿರುತ್ತದೆ. ಪುಟ ಮಾಡಿದವರನ್ನು ಬೈಯಬೇಡಿ, ಎಚ್‌ಟಿಎಂಎಲ್ ನಿಯಮದ ಪ್ರಕಾರ ಇದು ತಪ್ಪಲ್ಲ. ಹೊಸ ಟಿಡಿ ಬಂದರೆ ಹಳೆಯದು ತಾನಾಗಿ ಮುಚ್ಚಿತು ಅಂತಲೇ ಲೆಕ್ಕ.

ಎಲ್‌ಎಕ್ಸ್‌ಎಂಎಲ್‌ಗೆ ಈ ನಿಯಮ ಗೊತ್ತು. ಎಚ್‌ಟಿಎಂಎಲ್5ಲಿಬ್‌ಗೂ ಗೊತ್ತು. ಪೈಥಾನ್‌ನ ಸ್ವಂತ ಪಾರ್ಸರ್‌ಗೆ ಗೊತ್ತಿಲ್ಲ. ಅದು ‘ಟ್ಯಾಗ್ ತೆರೆಯಿತು, ಅಕ್ಷರ ಬಂತು, ಟ್ಯಾಗ್ ಮುಚ್ಚಿತು’ ಅಂತ ವರದಿ ಒಪ್ಪಿಸುತ್ತದೆ, ಅಷ್ಟೇ. ಮುಚ್ಚಿದ ವರದಿ ಬರದಿದ್ದರೆ ಸೂಪ್ ಎರಡನೇ ಟಿಡಿಯನ್ನು ಮೊದಲನೆಯದರ ಒಳಗೇ ಇಡುತ್ತದೆ. ಮೂರನೆಯದನ್ನು ಎರಡನೆಯದರ ಒಳಗೆ. ಈಗ ಆ ಸಾಲಿನಲ್ಲಿ ‘ಫೈಂಡ್ ಆಲ್’ ಹಾಕಿದರೆ ನಾಲ್ಕು ಸೆಲ್ಲೇ ಸಿಗುತ್ತವೆ, ಅದೇ ಮೋಸ. ಆದರೆ ಮೊದಲನೆಯದರಿಂದ ಅಕ್ಷರ ತೆಗೆದರೆ ‘ಹತ್ತಿ680074507100’ ಅಂತ ಬರುತ್ತದೆ. ಎರಡನೆಯದು 680074507100. ಮೂರನೆಯದು 74507100. ಕೊನೆಯದು ಮಾತ್ರ 7100, ಸರಿ. ಲ್ಯಾಬ್‌ನಲ್ಲಿ ನಿಮಗೆ ಕಂಡದ್ದು ಇದೇ ಅಲ್ವಾ? ಮಾದರಿ ದರ ಕೊನೆಯ ಕಾಲಂನಲ್ಲಿದ್ದು ಬರೀ ಅದನ್ನೇ ತೆಗೆದುಕೊಂಡಿದ್ದರೆ ತಪ್ಪು ಗೊತ್ತೇ ಆಗುತ್ತಿರಲಿಲ್ಲ.

ಹಾಗಾಗಿ ನನ್ನ ಸಲಹೆ: ಬ್ಯೂಟಿಫುಲ್ ಸೂಪ್ ಹಾಕಿ, ಒಳಗೆ ಎಲ್‌ಎಕ್ಸ್‌ಎಂಎಲ್ ಅಂತ ಹೆಸರು ಹಿಡಿದು ಬರೆಯಿರಿ. ಆ ಒಂದು ಪದ ಬರೆದರೆ, ಎಲ್‌ಎಕ್ಸ್‌ಎಂಎಲ್ ಇಲ್ಲದ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಸುಮ್ನೆ ತಪ್ಪು ಉತ್ತರ ಕೊಡುವ ಬದಲು ಅಲ್ಲೇ ನಿಂತು ಎರರ್ ತೋರಿಸುತ್ತದೆ. ನಿಂತುಹೋಗುವ ಪ್ರೋಗ್ರಾಂ ಸುಳ್ಳು ಹೇಳುವ ಪ್ರೋಗ್ರಾಂಗಿಂತ ಎಷ್ಟೋ ವಾಸಿ.

ನಿಧಾನ ಅನ್ನುವ ದೂರು ನಿಜವೇ. ಎಲ್‌ಎಕ್ಸ್‌ಎಂಎಲ್‌ನ ಒಳಗೆ ಲಿಬ್‌ಎಕ್ಸ್‌ಎಂಎಲ್2 ಅನ್ನುವ ಸಿ ಭಾಷೆಯ ಲೈಬ್ರರಿ ಇದೆ. ಡೇನಿಯಲ್ ವೆಯಾರ್ ಅದನ್ನು ಗ್ನೋಮ್ ಅನ್ನುವ ಲಿನಕ್ಸ್ ಡೆಸ್ಕ್‌ಟಾಪ್ ಯೋಜನೆಗಾಗಿ ಬರೆಯಲು ಶುರು ಮಾಡಿದರು. ನೇರವಾಗಿ ಅದನ್ನೇ ಬಳಸಿದರೆ ತುಂಬಾ ವೇಗ. ಸೂಪ್ ಅದರ ಮೇಲೆ ಪೈಥಾನ್‌ನಲ್ಲಿ ಇನ್ನೊಂದು ಪದರ, ಆ ಪದರಕ್ಕೆ ಸಮಯ ಹೋಗುತ್ತದೆ. ಆದರೆ ನೀವು ಓದುವುದು ದಿನಕ್ಕೊಂದು ಪುಟ. ಇಂಟರ್ನೆಟ್‌ನಿಂದ ಪುಟ ಬರಲು ಹಿಡಿಯುವ ಹೊತ್ತಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಲಕ್ಷಗಟ್ಟಲೆ ಪುಟ ಇದ್ದಾಗ ಮಾತ್ರ ಸೂಪ್ ಬಿಟ್ಟು ನೇರ ಎಲ್‌ಎಕ್ಸ್‌ಎಂಎಲ್‌ಗೆ ಹೋಗಿ.

ರೆಜೆಕ್ಸ್ ಬೇಡ. ಪುಟದಲ್ಲಿರುವ ಒಂದು ತಾರೀಖು ಹೆಕ್ಕಬೇಕು ಅಂದರೆ ನಡೆಯುತ್ತದೆ. ಟೇಬಲ್‌ಗೆ, ಅದೂ ಟೇಬಲ್ ಒಳಗೆ ಟೇಬಲ್ ಇರುವ ಪುಟಕ್ಕೆ, ಅದು ಹೊಂದುವುದಿಲ್ಲ. ಪುಟದವರು ಒಂದು ಸ್ಪೇಸ್ ಜಾಸ್ತಿ ಹಾಕಿದ ದಿನ ನಿಮ್ಮ ಗ್ರಾಫ್ ನಿಲ್ಲುತ್ತದೆ.

ಬ್ಯೂಟಿಫುಲ್ ಸೂಪ್ ಬರೆದವರು ಲಿಯೊನಾರ್ಡ್ ರಿಚರ್ಡ್‌ಸನ್, ಮೊದಲು ಬಂದದ್ದು 2004ರಲ್ಲಿ. ಈಗಿರುವ ನಾಲ್ಕನೇ ಆವೃತ್ತಿ 2012ರದ್ದು. ಇದು ಯಾಕೆ ಹೇಳಿದೆ ಅಂದರೆ, ಯೂಟ್ಯೂಬ್‌ನ ಹಳೆಯ ಪಾಠಗಳಲ್ಲಿ ಮೂರನೇ ಆವೃತ್ತಿಯ ಕೋಡ್ ಇರುತ್ತದೆ, ಅದು ಪೈಥಾನ್ 2ರ ಕಾಲದ್ದು. ಪಿಪ್‌ನಲ್ಲಿ ಹಾಕುವಾಗ ಹೆಸರಿನ ಕೊನೆಗೆ 4 ಇರಲಿ, ಇಂಪೋರ್ಟ್ ಮಾಡುವಾಗ ‘ಬಿಎಸ್4’. ಎಂಐಟಿ ಲೈಸೆನ್ಸ್ ಇದೆ. ಪ್ರಾಜೆಕ್ಟ್‌ಗೂ ಬಳಸಬಹುದು, ನಾಳೆ ಅದನ್ನೇ ಯಾರಿಗಾದರೂ ಮಾರಿದರೂ ತೊಂದರೆ ಇಲ್ಲ. ಬಗ್ ಸಿಕ್ಕಿದರೆ ಗಿಟ್‌ಹಬ್‌ನಲ್ಲಿ ಹುಡುಕಬೇಡಿ, ಅದರ ಕೆಲಸ ನಡೆಯುವುದು ಲಾಂಚ್‌ಪ್ಯಾಡ್‌ನಲ್ಲಿ. ಸೂಪ್‌ನಲ್ಲೇ ‘ಡಯಗ್ನೋಸ್’ ಅನ್ನುವ ಫಂಕ್ಷನ್ ಒಂದಿದೆ. ಪುಟ ಕೊಟ್ಟರೆ ಕಂಪ್ಯೂಟರಿನಲ್ಲಿರುವ ಒಂದೊಂದು ಪಾರ್ಸರ್ ಅದನ್ನು ಹೇಗೆ ಓದಿತು ಅಂತ ತೋರಿಸುತ್ತದೆ. ನಿಮ್ಮ ರಿಪೋರ್ಟ್‌ನಲ್ಲಿ ಅದರ ಔಟ್‌ಪುಟ್ ಹಾಕಿ, ಗೈಡ್‌ಗೆ ಖುಷಿಯಾಗುತ್ತದೆ.

ಇನ್ನೊಂದು ಕಡೆ ಎಲ್ಲರೂ ಮುಗ್ಗರಿಸುತ್ತಾರೆ. ಬ್ರೌಸರಿನ ಇನ್‌ಸ್ಪೆಕ್ಟ್‌ನಲ್ಲಿ ಸೆಲ್ ಮೇಲೆ ನಿಂತು ಎಕ್ಸ್‌ಪಾತ್ (ಆ ಸೆಲ್ ತಲುಪುವ ಟ್ಯಾಗ್‌ಗಳ ದಾರಿ) ಕಾಪಿ ಮಾಡಿ ಎಲ್‌ಎಕ್ಸ್‌ಎಂಎಲ್‌ಗೆ ಕೊಟ್ಟರೆ ಖಾಲಿ ಲಿಸ್ಟ್ ಬರುತ್ತದೆ. ಕಾರಣ ಟಿಬಾಡಿ, ಟೇಬಲ್‌ನ ಸಾಲುಗಳನ್ನು ಒಟ್ಟಾಗಿ ಸುತ್ತುವ ಟ್ಯಾಗ್. ಸೋರ್ಸ್‌ನಲ್ಲಿ ಆ ಟ್ಯಾಗ್ ಇಲ್ಲದಿದ್ದರೂ ಬ್ರೌಸರ್ ತಾನೇ ಸೇರಿಸಿಕೊಳ್ಳುತ್ತದೆ, ಎಚ್‌ಟಿಎಂಎಲ್ ಸ್ಟ್ಯಾಂಡರ್ಡ್ ಹಾಗೆ ಹೇಳುತ್ತದೆ. ಎಚ್‌ಟಿಎಂಎಲ್5ಲಿಬ್ ಕೂಡ ಸೇರಿಸುತ್ತದೆ. ಎಲ್‌ಎಕ್ಸ್‌ಎಂಎಲ್ ಸೇರಿಸುವುದಿಲ್ಲ. ಕಾಪಿ ಮಾಡಿದ ದಾರಿಯಲ್ಲಿ ಟಿಬಾಡಿ ಕಂಡರೆ ಅಳಿಸಿ, ಕೆಲಸ ಮಾಡುತ್ತದೆ.

ಈಗ ಕನ್ನಡದ ವಿಷಯ. ಇದು ಇಂಗ್ಲಿಷ್ ಪಾಠಗಳಲ್ಲಿ ಸಿಗುವುದಿಲ್ಲ, ನಮ್ಮ ನಿಜವಾದ ತಲೆನೋವು ಇಲ್ಲೇ.

ಪುಟ ತರಲು ರಿಕ್ವೆಸ್ಟ್ಸ್ ಲೈಬ್ರರಿ ಬಳಸುತ್ತೀರಿ. ಬಂದದ್ದನ್ನು ‘ಟೆಕ್ಸ್ಟ್’ ಅಂತ ತೆಗೆದು ಸೂಪ್‌ಗೆ ಕೊಡಬೇಡಿ, ‘ಕಂಟೆಂಟ್’ ಅಂತ ತೆಗೆದು ಕೊಡಿ. ಸರ್ವರ್ ತನ್ನ ಹೆಡರ್‌ನಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದ ಪದ್ಧತಿ) ಹೇಳದಿದ್ದರೆ ರಿಕ್ವೆಸ್ಟ್ಸ್ ಅದನ್ನು ಐಎಸ್‌ಒ-8859-1 ಅಂತಲೇ ತಿಳಿಯುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದು ಅಕ್ಷರ ಚಿಹ್ನೆಗೆ 3 ಬೈಟ್ ಬೇಕು. ಆ ಮೂರೂ ಬೈಟ್ ಮೂರು ಬೇರೆ ಬೇರೆ ವಿಚಿತ್ರ ಅಕ್ಷರಗಳಾಗಿ ಒಡೆದು ಬರುತ್ತವೆ. ‘ಕಂಟೆಂಟ್’ ಕೊಟ್ಟರೆ ಹಸಿ ಬೈಟ್‌ಗಳೇ ಹೋಗುತ್ತವೆ. ಆಗ ಸೂಪ್ ಪುಟದೊಳಗಿನ ಮೆಟಾ ಟ್ಯಾಗ್ ನೋಡಿ ತಾನೇ ಸರಿಯಾದ ಎನ್‌ಕೋಡಿಂಗ್ ಹಿಡಿಯುತ್ತದೆ.

ಹಳೆಯ ಪುಟಗಳಲ್ಲಿ ಇನ್ನೊಂದು ಥರ ಇರುತ್ತದೆ. ನುಡಿ ಅಥವಾ ಬರಹದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿ ಹಾಕಿರುತ್ತಾರೆ. ಅದು ಯೂನಿಕೋಡ್ ಅಲ್ಲ. ಯಾವ ಪಾರ್ಸರ್ ಬಂದರೂ ಅದನ್ನು ಸರಿಮಾಡುವುದಿಲ್ಲ, ಯಾಕೆಂದರೆ ಅದರ ಮಟ್ಟಿಗೆ ಅಲ್ಲಿರುವುದು ತಲೆಯ ಮೇಲೆ ಗುರುತು ಹೊತ್ತ ಇಂಗ್ಲಿಷ್ ಅಕ್ಷರಗಳೇ. ಕನ್ವರ್ಟರ್ ಬೇಕು. ಆದರೆ ಇಡೀ ಪುಟವನ್ನು ಕನ್ವರ್ಟರ್‌ಗೆ ಹಾಕಬೇಡಿ, ಟ್ಯಾಗ್‌ಗಳ ಹೆಸರೂ ಕನ್ನಡವಾಗಿ ಕುಳಿತುಬಿಡುತ್ತವೆ. ಮೊದಲು ಪಾರ್ಸ್ ಮಾಡಿ, ಆಮೇಲೆ ಸೆಲ್ ಒಳಗಿನ ಅಕ್ಷರ ಮಾತ್ರ ಬದಲಿಸಿ.

ನಿಮ್ಮ ಊರಿನ ಹೆಸರೇ ತೊಂದರೆ ಕೊಡಬಹುದು. ‘ಕೊಪ್ಪಳ’ದ ಕೊ ನೋಡಿ. ಆ ಒ-ಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಬರೆಯಬಹುದು, ಎ-ಕಾರ ಮತ್ತು ಊ-ಕಾರದ ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಪೈಥಾನ್‌ಗೆ ಬೇರೆ ಬೇರೆ. ಸೆಲ್‌ನಲ್ಲಿ ಕೊಪ್ಪಳ ಅಂತಲೇ ಇದೆ, ನೀವು ಹುಡುಕಿದ್ದೂ ಕೊಪ್ಪಳ, ಆದರೂ ಸಿಗುವುದಿಲ್ಲ! ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನ ನಾರ್ಮಲೈಸ್‌ಗೆ ಎನ್‌ಎಫ್‌ಸಿ ಅಂತ ಕೊಟ್ಟು ಎರಡೂ ಕಡೆ ಒಂದೇ ರೂಪಕ್ಕೆ ತನ್ನಿ.

ಅಷ್ಟಕ್ಕೂ ಮುಗಿಯುವುದಿಲ್ಲ. ಸಿಂಧನೂರು, ಗಂಗಾವತಿ ಕಡೆ ಆರ್‌ಎನ್‌ಆರ್ ಭತ್ತ ಬೆಳೆಯುತ್ತಾರಲ್ಲ, ಆ ಹೆಸರನ್ನು ಕೆಲವರು ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಜೋಡಣೆ-ತಡೆ ಚಿಹ್ನೆ ಹಾಕಿ ಟೈಪ್ ಮಾಡುತ್ತಾರೆ, ಕೆಲವರು ಹಾಕುವುದಿಲ್ಲ. ಪರದೆ ಮೇಲೆ ವ್ಯತ್ಯಾಸ ಸೊನ್ನೆ. ಎನ್‌ಎಫ್‌ಸಿ ಇದನ್ನು ಮುಟ್ಟುವುದಿಲ್ಲ. ‘ಸ್ಟ್ರಿಪ್’ ಕೂಡ ತೆಗೆಯುವುದಿಲ್ಲ, ಅದರ ಲೆಕ್ಕದಲ್ಲಿ ಇದು ಸ್ಪೇಸ್ ಅಲ್ಲ. ಹೋಲಿಸುವ ಮೊದಲು ಆ ಚಿಹ್ನೆಯನ್ನು ನೀವೇ ರಿಪ್ಲೇಸ್ ಮಾಡಿ ತೆಗೆದುಹಾಕಬೇಕು. ಶೇಂಗಾ, ನೆಲಗಡಲೆ, ಕಡಲೆಕಾಯಿ ಮೂರೂ ಒಂದೇ ಅಂತ ಪ್ರೋಗ್ರಾಂಗೆ ಹೇಳಿಕೊಡಲು ಒಂದು ಚಿಕ್ಕ ಪಟ್ಟಿಯೂ ಬೇಕಾಗುತ್ತದೆ. ಇಂಗ್ಲಿಷ್ ಪುಟವಾದರೆ ಬಳ್ಳಾರಿಗೆ ಎರಡು ಸ್ಪೆಲ್ಲಿಂಗ್ ಇಟ್ಟುಕೊಳ್ಳಿ, 2014ರಲ್ಲಿ ಅಧಿಕೃತವಾಗಿ ಬದಲಾಯಿತು.

ಅಂಕಿಗಳ ವಿಷಯದಲ್ಲಿ ಮಾತ್ರ ಒಂದು ಸಂತೋಷದ ಸುದ್ದಿ. ‘೭೧೦೦’ ಅಂತ ಕನ್ನಡ ಅಂಕಿಯಲ್ಲಿದ್ದರೆ ಗಾಬರಿ ಬೇಡ. ಪೈಥಾನ್‌ನ ‘ಇಂಟ್’ಗೆ ಹಾಗೇ ಕೊಡಿ, 7100 ಅಂತ ಬರುತ್ತದೆ. ನನಗೆ ಇದು ಈಗಲೂ ಇಷ್ಟವಾಗುವ ಸಂಗತಿ. ಆದರೆ ನಡುವೆ ಕಾಮಾ ಇದ್ದರೆ ಎರರ್, ಮೊದಲು ಅದನ್ನು ತೆಗೆಯಿರಿ.

ಪುಟದಲ್ಲಿ ಬರೀ ಸರಳ ಟೇಬಲ್ ಇದ್ದರೆ ಪಾಂಡಾಸ್‌ನ ‘ರೀಡ್ ಎಚ್‌ಟಿಎಂಎಲ್’ ಒಂದೇ ಸಾಲಿನಲ್ಲಿ ಮುಗಿಸುತ್ತದೆ, ಒಳಗೆ ಅದೂ ಇದೇ ಲೈಬ್ರರಿಗಳನ್ನೇ ಕರೆಯುತ್ತದೆ. ವ್ಯೂ ಸೋರ್ಸ್‌ನಲ್ಲಿ ರೇಟುಗಳೇ ಕಾಣದಿದ್ದರೆ ಅವು ಜಾವಾಸ್ಕ್ರಿಪ್ಟ್‌ನಿಂದ ಆಮೇಲೆ ಬರುತ್ತಿವೆ ಅಂತ. ಆಗ ಯಾವ ಪಾರ್ಸರ್ ಇಟ್ಟುಕೊಂಡೂ ಪ್ರಯೋಜನ ಇಲ್ಲ, ನೆಟ್‌ವರ್ಕ್ ಟ್ಯಾಬ್‌ನಲ್ಲಿ ಅವು ಎಲ್ಲಿಂದ ಬರುತ್ತಿವೆ ನೋಡಿ. ಇನ್ನೂ ಒಂದು: ಕೇಂದ್ರ ಸರ್ಕಾರದ ಡೇಟಾ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಮಂಡಿಗಳ ದಿನದ ದರ ಎಪಿಐ (ಪ್ರೋಗ್ರಾಂ ನೇರವಾಗಿ ಮಾಹಿತಿ ಕೇಳಿ ಪಡೆಯುವ ದಾರಿ) ಮೂಲಕ ಸಿದ್ಧವಾಗಿಯೇ ಸಿಗುತ್ತದೆ. ನಿಮಗೆ ಬೇಕಾದ ಮಾರುಕಟ್ಟೆ ಅಲ್ಲಿದ್ದರೆ ಈ ಪಾರ್ಸಿಂಗ್ ಗೋಳೇ ಬೇಡ. ಗೈಡ್ ‘ವೆಬ್ ಸ್ಕ್ರೇಪಿಂಗ್’ ಅಂತಲೇ ಟೈಟಲ್ ಕೊಟ್ಟಿದ್ದರೆ ಬೇರೆ ಮಾತು.

ಲ್ಯಾಬ್‌ನಲ್ಲಿ ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲ, ನೆಟ್ ಕೂಡ ಇಲ್ಲ ಅಂದರೆ ಎಚ್‌ಟಿಎಂಎಲ್5ಲಿಬ್ ಒಳ್ಳೆಯದು. ಅದು ಪೂರ್ತಿ ಪೈಥಾನ್‌ನಲ್ಲೇ ಬರೆದದ್ದು. ಜೊತೆಗೆ ಬೇಕಾದ ಸಿಕ್ಸ್ ಮತ್ತು ವೆಬ್‌ಎನ್‌ಕೋಡಿಂಗ್ಸ್ ಸೇರಿಸಿ ಪೆನ್‌ಡ್ರೈವ್‌ನಲ್ಲಿ ಒಯ್ದು ನಿಮ್ಮ ಪ್ರಾಜೆಕ್ಟ್ ಫೋಲ್ಡರ್‌ನಲ್ಲೇ ಇಟ್ಟುಕೊಳ್ಳಬಹುದು. ಮೂವರಲ್ಲಿ ಇದೇ ನಿಧಾನ, ನಿಮ್ಮ ಒಂದು ಪುಟಕ್ಕೆ ಅಡ್ಡಿಯಿಲ್ಲ. ಮತ್ತೆ ತಂದ ಪುಟವನ್ನು ದಿನಾ ತಾರೀಖಿನ ಹೆಸರಿನಲ್ಲಿ ಫೈಲ್ ಮಾಡಿ ಇಟ್ಟು, ಪ್ರೋಗ್ರಾಂ ತಿದ್ದುವಾಗೆಲ್ಲ ಆ ಫೈಲ್‌ನಿಂದಲೇ ಓದಿ. ಅವರ ಸರ್ವರ್‌ಗೆ ಪದೇ ಪದೇ ತೊಂದರೆ ಕೊಟ್ಟಂತಾಗುವುದಿಲ್ಲ, ವೈವಾ ದಿನ ಸೈಟ್ ಬಿದ್ದಿದ್ದರೂ ನಿಮ್ಮ ಡೆಮೊ ನಡೆಯುತ್ತದೆ.